ಕೈಯ ಚಲನೆಗೂ ಯಂತ್ರದ ಉತ್ತರಕ್ಕೂ ನಡುವಣ ಕಾಲ

ಪೀಠಿಕೆ

ಕಾರ್ಯವೂ ಅದರ ಫಲವೂ ಒಡನೊಡನೆ ಘಟಿಸುವಂತೆ ಮೇಲ್ನೋಟಕ್ಕೆ ತೋರಿದರೂ, ಅವೆರಡರ ನಡುವೆ ಎಷ್ಟೇ ಅಲ್ಪವಾಗಲಿ ಒಂದಿಷ್ಟು ಕಾಲ ಸಂದೇ ಇರುತ್ತದೆಂಬುದು ಭೌತವಿಜ್ಞಾನದ ಮೊದಲ ಪಾಠಗಳಲ್ಲೊಂದು. ಬೇಲೂರು ತಾಲ್ಲೂಕಿನ ಅರೇಹಳ್ಳಿಯ ಸುತ್ತಣ ಕಾಫಿ ತೋಟಗಳಲ್ಲಿ ಮರಗಸಿಯ ಕಾಲದಲ್ಲಿ ಇದನ್ನು ಬರಿಗಣ್ಣಿನಿಂದಲೇ ಕಾಣಬಹುದು. ಎದುರು ಗುಡ್ಡದ ಇಳಿಜಾರಿನಲ್ಲಿ ನೆರಳಿನ ಮರವನ್ನೇರಿದ ಆಳು ಕೊಂಬೆಗೆ ಕತ್ತಿ ಬೀಸುತ್ತಾನೆ. ಕತ್ತಿ ಮತ್ತೆ ಮೇಲೆದ್ದ ಬಳಿಕ ಏಟಿನ ಸದ್ದು ಈಚೆ ಗುಡ್ಡದವರ ಕಿವಿಗೆ ಬೀಳುತ್ತದೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುವುದರಿಂದ, 340 ಮೀಟರು ಆಚೆಗಿನ ಏಟು ಒಂದು ಸೆಕೆಂಡು ತಡವಾಗಿ ಕೇಳುವುದು ಸಹಜ. ಇಲ್ಲಿ ಆಳಿನ ಕೈ ತಡವಲ್ಲ, ಕೇಳುವವನ ಕಿವಿಯೂ ಮಂದವಲ್ಲ. ತಡವು ಇರುವುದು ನಡುವಣ ದಾರಿಯಲ್ಲಿ.

ಇದೇ ತತ್ತ್ವವು ಇಂದಿನ ಮಕ್ಕಳಿಗೆ ಇನ್ನೊಂದು ರೂಪದಲ್ಲಿ ಎದುರಾಗಿದೆ. ಗುಂಡಿಯನ್ನು ಒತ್ತದೆ, ಕೈಕಾಲುಗಳ ಚಲನೆಯಿಂದಲೇ ಆಡಬಹುದಾದ ಯಂತ್ರದ ಆಟಗಳು ಬಂದು ಎರಡು ದಶಕಗಳಾಗುತ್ತಿವೆ. ಆಡುವವನು ಕೈ ಬೀಸಿದರೆ ಪರದೆಯ ಮೇಲಿನ ಬೊಂಬೆಯೂ ಕೈ ಬೀಸುತ್ತದೆ. ಆದರೆ ಕೊಂಚ ತಡೆದು. ಆ ಕೊಂಚ ತಡ ಎಲ್ಲಿಂದ ಹುಟ್ಟಿತು, ಅದನ್ನು ಅಳೆಯುವ ಬಗೆ ಹೇಗೆ, ಕಡಿಮೆ ಮಾಡಲು ಸಾಧ್ಯವೆ, ಸಾಧ್ಯವಾಗದ ಕಡೆ ಏನು ಮಾಡಬೇಕು ಎಂಬ ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿವೇಚಿಸಲಾಗಿದೆ. ವಿಷಯವು ಆಟಕ್ಕೆ ಸೇರಿದ್ದಾದರೂ ಅದರ ಬೇರುಗಳು ಮನುಷ್ಯನ ನರಮಂಡಲದಲ್ಲಿಯೂ, ಕೊಂಬೆಗಳು ಹಾಸನದಿಂದ ಹಿಡಿದು ಮಂಗಳಗ್ರಹದವರೆಗೂ ಹರಡಿವೆ. ಅಧ್ಯಾಪಕನಿಗೆ ಇದರಲ್ಲಿ ತನ್ನ ವೃತ್ತಿಗೇ ಸಂಬಂಧಿಸಿದ ಪಾಠವೊಂದೂ ಇದೆ.

1. ಚಲನೆಯನ್ನು ಗ್ರಹಿಸುವ ಯಂತ್ರಗಳು

ಜಪಾನಿನ ನಿಂಟೆಂಡೊ ಸಂಸ್ಥೆಯು 2006ರಲ್ಲಿ 'ವೀ' ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಕೈಹಿಡಿಯೊಳಗೆ ವೇಗೋತ್ಕರ್ಷವನ್ನು ಅಳೆಯುವ ಪುಟ್ಟ ಸಂವೇದಕವೊಂದಿತ್ತು. ಸಿಲಿಕಾನಿನಲ್ಲಿ ಕೊರೆದ ಅತಿ ಸೂಕ್ಷ್ಮವಾದ ಸ್ಪ್ರಿಂಗುಗಳ ಮೇಲೆ ನಿಂತ ಅಣುಮಾತ್ರದ ತುಣುಕೊಂದು ಕೈ ಅಲುಗಿದಾಗ ತಾನೂ ಕದಲುತ್ತದೆ. ಆ ಕದಲಿಕೆಯಿಂದ ವಿದ್ಯುತ್ತಿನ ಪರಿಮಾಣದಲ್ಲಾಗುವ ಬದಲಾವಣೆಯನ್ನು ಯಂತ್ರವು ಸಂಖ್ಯೆಯಾಗಿ ಓದಿಕೊಳ್ಳುತ್ತದೆ. ಬಸ್ಸು ಹಠಾತ್ತನೆ ಹೊರಟಾಗ ನಿಂತ ಪ್ರಯಾಣಿಕರು ಹಿಂದಕ್ಕೆ ವಾಲುವುದನ್ನು ಕಂಡು ಬಸ್ಸಿನ ಚಲನೆಯನ್ನು ಊಹಿಸುವುದಕ್ಕೆ ಇದನ್ನು ಹೋಲಿಸಬಹುದು. 2009ರಲ್ಲಿ ಈ ಕೈಹಿಡಿಗೆ ತಿರುಗುವಿಕೆಯನ್ನು ಅಳೆಯುವ ಮತ್ತೊಂದು ಸಂವೇದಕವನ್ನು ಜೋಡಿಸಲಾಯಿತು.

2010ರಲ್ಲಿ ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆ 'ಕಿನೆಕ್ಟ್' ಎಂಬ ಉಪಕರಣವನ್ನು ಹೊರತಂದಿತು. ಇದರಲ್ಲಿ ಆಡುವವನು ಕೈಯಲ್ಲಿ ಯಾವ ವಸ್ತುವನ್ನೂ ಹಿಡಿಯಬೇಕಾಗಿರಲಿಲ್ಲ. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಅಸಂಖ್ಯ ಚುಕ್ಕೆಗಳನ್ನು ಉಪಕರಣವು ಕೋಣೆಯೊಳಗೆ ಚೆಲ್ಲುತ್ತಿತ್ತು. ವಸ್ತುವು ಹತ್ತಿರವಿದ್ದಾಗ ಒಂದು ಬಗೆಯಾಗಿ, ದೂರವಿದ್ದಾಗ ಇನ್ನೊಂದು ಬಗೆಯಾಗಿ ಸ್ಥಾನ ಪಲ್ಲಟಗೊಂಡ ಆ ಚುಕ್ಕೆಗಳನ್ನು ಅದರ ಕ್ಯಾಮೆರಾ ಸೆಕೆಂಡಿಗೆ 30 ಬಾರಿ ಚಿತ್ರಿಸಿಕೊಳ್ಳುತ್ತಿತ್ತು. ಭೂಮಾಪಕರು ತ್ರಿಕೋನಗಳ ಮೂಲಕ ದೂರವನ್ನು ಗಣಿಸುವ ವಿಧಾನವೇ ಇದಕ್ಕೂ ಆಧಾರ. ಹೀಗೆ ದೊರೆತ ಚಿತ್ರದಲ್ಲಿ ಯಾವ ಬಿಂದು ತಲೆ, ಯಾವುದು ಮೊಳಕೈ, ಯಾವುದು ಮಂಡಿ ಎಂಬುದನ್ನು ಗಣಕಯಂತ್ರವು ವಿಂಗಡಿಸಿ, ಆಡುವವನ ಅಸ್ಥಿಪಂಜರದ ರೇಖಾರೂಪವನ್ನು ಕಲ್ಪಿಸಿಕೊಳ್ಳುತ್ತಿತ್ತು. ಕಿನೆಕ್ಟಿನ ತಯಾರಿಕೆ 2017ರಲ್ಲಿ ನಿಂತಿತಾದರೂ ಅದು ತೋರಿದ ಮಾರ್ಗವು ಇಂದಿಗೂ ನಾನಾ ಉಪಕರಣಗಳಲ್ಲಿ ಮುಂದುವರಿದಿದೆ.

2. ತಡದ ಸರಪಳಿ

ಕೈ ಬೀಸಿದ ಕ್ಷಣಕ್ಕೂ ಪರದೆಯ ಬೊಂಬೆ ಕೈ ಬೀಸಿದ ಕ್ಷಣಕ್ಕೂ ನಡುವೆ ನಾಲ್ಕು ಘಟ್ಟಗಳಿವೆ. ಬೆಂಕಿ ಬಿದ್ದ ಕಡೆಗೆ ಕೆರೆಯಿಂದ ಸಾಲಾಗಿ ನಿಂತ ಜನ ಕೊಡಪಾನವನ್ನು ಕೈಯಿಂದ ಕೈಗೆ ದಾಟಿಸುವಂತೆ, ಒಂದು ಘಟ್ಟವು ತನ್ನ ಕೆಲಸವನ್ನು ಮುಗಿಸಿದ ಮೇಲೆಯೇ ಮುಂದಿನದು ಆರಂಭಿಸಬಲ್ಲದು.

ಮೊದಲನೆಯದು ಗ್ರಹಣ. ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ತೆಗೆಯುವುದಾದರೆ ಎರಡು ಚಿತ್ರಗಳ ನಡುವೆ 33 ಮಿಲಿಸೆಕೆಂಡು ಕಾಲವಿರುತ್ತದೆ. ಮಿಲಿಸೆಕೆಂಡು ಎಂದರೆ ಸೆಕೆಂಡಿನ ಸಾವಿರದ ಒಂದು ಪಾಲು. ಒಂದು ಚಿತ್ರ ತೆಗೆದ ಮರುಕ್ಷಣವೇ ಕೈ ಅಲುಗಿದರೆ, ಆ ಸಂಗತಿ ಯಂತ್ರಕ್ಕೆ ತಿಳಿಯುವುದು ಮುಂದಿನ ಚಿತ್ರದಲ್ಲಿಯೇ. ಎರಡನೆಯದು ಸಂಸ್ಕರಣ, ಎಂದರೆ ಚಿತ್ರದೊಳಗಿನ ಮನುಷ್ಯನನ್ನು ಗುರುತಿಸಿ ಚಲನೆಯ ಅರ್ಥವನ್ನು ತೀರ್ಮಾನಿಸುವ ಲೆಕ್ಕಾಚಾರ. ಮೂರನೆಯದು ಆಟದ ನಿಯಮಗಳಿಗನುಸಾರವಾಗಿ ಹೊಸ ದೃಶ್ಯವನ್ನು ರಚಿಸುವುದು. ಪರದೆಯ ದೃಶ್ಯ ಸೆಕೆಂಡಿಗೆ 60 ಬಾರಿ ಬದಲಾಗುವುದಾದರೆ ಒಂದೊಂದು ದೃಶ್ಯಕ್ಕೆ ಸುಮಾರು 17 ಮಿಲಿಸೆಕೆಂಡು ತಗಲುತ್ತದೆ. ನಾಲ್ಕನೆಯದು ಪ್ರದರ್ಶನ. ಇಂದಿನ ದೂರದರ್ಶನ ಪೆಟ್ಟಿಗೆಗಳು ಚಿತ್ರವನ್ನು ಅಂದಗೊಳಿಸಲು ತಮ್ಮೊಳಗೇ ಒಂದಿಷ್ಟು ಲೆಕ್ಕ ಮಾಡುತ್ತವೆ. ಆ ಅಲಂಕಾರಕ್ಕೂ ಕಾಲ ಬೇಕು. 'ಗೇಮ್ ಮೋಡ್' ಎಂಬ ಹೆಸರಿನಲ್ಲಿ ಪೆಟ್ಟಿಗೆಯಲ್ಲಿರುವ ಏರ್ಪಾಡು ಈ ಅಲಂಕಾರವನ್ನು ಕೈಬಿಟ್ಟು ಕಾಲವನ್ನು ಉಳಿಸುವುದಕ್ಕಾಗಿಯೇ ಇದೆ.

ಉದಾಹರಣೆಗಾಗಿ ಗ್ರಹಣಕ್ಕೆ 33, ಸಂಸ್ಕರಣಕ್ಕೆ 30, ದೃಶ್ಯರಚನೆಗೆ 17, ಪ್ರದರ್ಶನಕ್ಕೆ 20 ಎಂದಿಟ್ಟುಕೊಂಡರೆ ಒಟ್ಟು 100 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಹತ್ತನೆಯ ಒಂದು ಭಾಗವಾಗುತ್ತದೆ. ಯಾವ ಒಂದು ಘಟ್ಟದ ಪಾಲೂ ಹೆಚ್ಚಲ್ಲ. ಆದರೆ ಒಟ್ಟು ಮೊತ್ತ ಅಲಕ್ಷಿಸುವಂತಹುದಲ್ಲ. ಸೆಕೆಂಡಿಗೆ 2 ಮೀಟರು ವೇಗದಲ್ಲಿ ಬೀಸಿದ ಕೈ ಅಷ್ಟು ಕಾಲದಲ್ಲಿ 20 ಸೆಂಟಿಮೀಟರು ಮುಂದೆ ಸಾಗಿರುತ್ತದೆ. ಮೇಜಿನ ಟೆನಿಸ್ಸಿನ ಹಲಗೆಯ ಅಗಲವೇ ಅಷ್ಟಿರುವುದಿಲ್ಲ. ಆಡುವವನು ಚೆಂಡನ್ನು ಸರಿಯಾಗಿ ಹೊಡೆದೆನೆಂದು ಭಾವಿಸಿದರೂ ಯಂತ್ರದ ದೃಷ್ಟಿಯಲ್ಲಿ ಅವನ ಹಲಗೆ ಇನ್ನೂ ಹಿಂದೆಯೇ ಉಳಿದಿರುತ್ತದೆ. ಸೋಲು ಆಟಗಾರನ ಲೆಕ್ಕಕ್ಕೆ ಬೀಳುತ್ತದೆ. ತಪ್ಪು ಮಾತ್ರ ಅವನದಲ್ಲ.

3. ನಿಖರತೆಗೂ ಶೀಘ್ರತೆಗೂ ಇರುವ ವೈರ

ಗಣಕಯಂತ್ರದ ವೇಗವನ್ನು ಹೆಚ್ಚಿಸಿದರೆ ಈ ತಡವೆಲ್ಲ ಮಾಯವಾಗುವುದಿಲ್ಲವೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಭಾಗಶಃ ಹೌದು; ಪೂರ್ತಿಯಾಗಿ ಅಲ್ಲ. ಕಾರಣವನ್ನು ತಿಳಿಯಲು ಕಾಫಿ ಮಂಡಿಯ ತಕ್ಕಡಿಯನ್ನು ನೆನೆಯಬೇಕು. ಮೂಟೆಯನ್ನಿಟ್ಟ ಕೂಡಲೆ ಮುಳ್ಳು ಅತ್ತಿತ್ತ ತೊನೆಯುತ್ತದೆ. ಆಗಲೇ ತೂಕ ಬರೆದುಕೊಂಡರೆ ಬೆಳೆಗಾರನಿಗೋ ವ್ಯಾಪಾರಿಗೋ ನಷ್ಟ. ಮುಳ್ಳು ನಿಲ್ಲುವ ತನಕ ಕಾದರೆ ತೂಕ ನಿಖರ, ಆದರೆ ಕೆಲಸ ತಡ.

ಸಂವೇದಕದ ಓದುಗಳೂ ಹೀಗೆಯೇ ಸದಾ ತೊನೆಯುತ್ತಿರುತ್ತವೆ. ಕೈಯನ್ನು ಅಲುಗಿಸದೆ ಹಿಡಿದರೂ ಸಂಖ್ಯೆಗಳು ಕೊಂಚ ಏರಿಳಿಯುತ್ತವೆ. ಅವನ್ನು ಹಾಗೆಯೇ ಪರದೆಗೆ ಕಳುಹಿಸಿದರೆ ಬೊಂಬೆಯ ಕೈ ನಡುಗತೊಡಗುತ್ತದೆ. ಈ ನಡುಕವನ್ನು ಅಡಗಿಸಲು ಯಂತ್ರವು ಕಳೆದ ಕೆಲವು ಓದುಗಳ ಸರಾಸರಿಯನ್ನು ತೆಗೆದುಕೊಳ್ಳುತ್ತದೆ. ಸರಾಸರಿಯೆಂಬುದು ಹಿಂದಿನದನ್ನೂ ಕೂಡಿಸಿ ಪಡೆದ ಸಂಖ್ಯೆಯಾದ್ದರಿಂದ ಅದು ಯಾವಾಗಲೂ ಭೂತಕಾಲದ ಕಡೆಗೆ ವಾಲಿರುತ್ತದೆ.

ಏಳನೆಯ ತರಗತಿಯ ವಿದ್ಯಾರ್ಥಿಯೂ ಇದನ್ನು ಲೆಕ್ಕ ಮಾಡಿ ನೋಡಬಹುದು. ಕೈಯ ಸ್ಥಾನ ಮೊದಲು 10 ಎಂದಿದ್ದು ಒಮ್ಮೆಲೆ 20ಕ್ಕೆ ಬದಲಾಯಿತೆನ್ನೋಣ. ಸಂವೇದಕದ ಓದುಗಳು 10, 10, 10, 10, 20, 20, 20, 20 ಎಂದು ಬರುತ್ತವೆ. ಪ್ರತಿ ಸಲವೂ ಕಡೆಯ ನಾಲ್ಕು ಓದುಗಳ ಸರಾಸರಿಯನ್ನು ತೆಗೆದರೆ ಬದಲಾವಣೆಯ ನಂತರ ಯಂತ್ರಕ್ಕೆ ತೋರುವ ಸ್ಥಾನಗಳು ಅನುಕ್ರಮವಾಗಿ 12.5, 15, 17.5, 20. ಕೈ ಒಂದೇ ನೆಗೆತಕ್ಕೆ ತಲಪಿದ ಜಾಗವನ್ನು ಯಂತ್ರವು ನಾಲ್ಕು ಹೆಜ್ಜೆಗಳಲ್ಲಿ ತಲಪುತ್ತದೆ. ನಾಲ್ಕರ ಬದಲು ಹತ್ತು ಓದುಗಳ ಸರಾಸರಿ ತೆಗೆದರೆ ನಡುಕ ಇನ್ನೂ ಕಡಿಮೆ, ತಡ ಇನ್ನೂ ಹೆಚ್ಚು. ಗಣಕಯಂತ್ರ ಎಷ್ಟೇ ವೇಗದ್ದಾಗಿರಲಿ, ಇನ್ನೂ ಬಾರದ ಓದನ್ನು ಅದು ಕೂಡಿಸಲಾರದು. ಸ್ಪಷ್ಟತೆ ಬೇಕಾದರೆ ಕಾಯಬೇಕು; ಕಾಯಲಾಗದಿದ್ದರೆ ಅಸ್ಪಷ್ಟತೆಯನ್ನು ಸಹಿಸಬೇಕು. ಇದು ಯಂತ್ರದ ದೌರ್ಬಲ್ಯವಲ್ಲ, ತಿಳಿವಳಿಕೆಯ ಸ್ವಭಾವ.

ಈ ಇಕ್ಕಟ್ಟಿನಿಂದ ಪಾರಾಗಲು ಇರುವ ಒಂದು ಉಪಾಯವೆಂದರೆ ಮುನ್ನೂಹೆ. ವಸ್ತುವಿನ ಈವರೆಗಿನ ಚಲನೆಯನ್ನು ಕಂಡು ಮುಂದಿನ ಕ್ಷಣದಲ್ಲಿ ಅದು ಎಲ್ಲಿರಬಹುದೆಂದು ಗಣಿಸುವುದು, ಹೊಸ ಓದು ಬಂದೊಡನೆ ಊಹೆಯನ್ನು ತಿದ್ದಿಕೊಳ್ಳುವುದು, ಎಂಬ ಕ್ರಮವನ್ನು ರುಡಾಲ್ಫ್ ಕಾಲ್ಮನ್ ಎಂಬ ವಿಜ್ಞಾನಿ 1960ರಲ್ಲಿ ಗಣಿತರೂಪದಲ್ಲಿ ಪ್ರಕಟಿಸಿದ. ಚಂದ್ರನತ್ತ ಮಾನವರನ್ನು ಕೊಂಡೊಯ್ದ ಅಪೊಲೊ ನೌಕೆಗಳ ಪಥನಿರ್ಣಯದಲ್ಲಿ ಅದರ ಪ್ರಯೋಜನವನ್ನು ಪಡೆಯಲಾಯಿತು. ಆದರೆ ಮುನ್ನೂಹೆಗೂ ಮಿತಿಯುಂಟು. ವೇಗವಾಗಿ ಬೀಸುತ್ತಿದ್ದ ಕೈ ಹಠಾತ್ತನೆ ನಿಂತರೆ, ಊಹೆಯನ್ನು ನಂಬಿದ ಬೊಂಬೆಯ ಕೈ ಮುಂದಕ್ಕೆ ಹೋಗಿ ಆಮೇಲೆ ಹಿಂದಕ್ಕೆ ಬರುತ್ತದೆ.

4. ದೇಹದೊಳಗಣ ವಿಳಂಬ

ಯಂತ್ರವನ್ನು ದೂರುವ ಮೊದಲು ಮನುಷ್ಯನ ದೇಹವನ್ನೂ ಪರೀಕ್ಷಿಸುವುದು ನ್ಯಾಯ. ನರಗಳ ಮೂಲಕ ಸಂದೇಶವು ಹರಿಯುವ ವೇಗ ಅಳೆಯಲಾಗದಷ್ಟು ಅಧಿಕವೆಂದು 19ನೆಯ ಶತಮಾನದ ಪೂರ್ವಾರ್ಧದಲ್ಲಿ ಜರ್ಮನಿಯ ಪ್ರಸಿದ್ಧ ಶರೀರವಿಜ್ಞಾನಿ ಯೋಹಾನೆಸ್ ಮುಲರ್ ನಂಬಿದ್ದ. ಅವನ ಶಿಷ್ಯನೇ ಆದ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ನರದ ಮೇಲೆ ಪ್ರಯೋಗ ಮಾಡಿ ಆ ವೇಗವು ಸೆಕೆಂಡಿಗೆ ಸುಮಾರು 25ರಿಂದ 30 ಮೀಟರು ಮಾತ್ರವೆಂದು ತೋರಿಸಿಕೊಟ್ಟ. ಗುರುವು ಅಸಾಧ್ಯವೆಂದುದನ್ನು ಶಿಷ್ಯನು ಸಾಧಿಸಿದ ಈ ಪ್ರಸಂಗ ವಿಜ್ಞಾನದ ಚರಿತ್ರೆಯಲ್ಲಿ ಸ್ಮರಣೀಯ.

ಬೆಳಕನ್ನು ಕಂಡು ಕೈಯಾಡಿಸಲು ಆರೋಗ್ಯವಂತನಾದ ತರುಣನಿಗೆ ಸುಮಾರು 200 ಮಿಲಿಸೆಕೆಂಡು ಬೇಕು. ಸದ್ದನ್ನು ಕೇಳಿ ಕೈಯಾಡಿಸಲು ಅದಕ್ಕಿಂತ ಸ್ವಲ್ಪ ಕಡಿಮೆ ಸಾಕು. ಇದನ್ನು ಶಾಲೆಯಲ್ಲಿ ಅಳೆಯಲು ಬೆಲೆಬಾಳುವ ಉಪಕರಣದ ಅಗತ್ಯವಿಲ್ಲ, ಒಂದು ಅಡಿಪಟ್ಟಿ ಸಾಕು. ಒಬ್ಬ ವಿದ್ಯಾರ್ಥಿ ಅಡಿಪಟ್ಟಿಯ ಮೇಲ್ತುದಿಯನ್ನು ಹಿಡಿದು ತೂಗಬಿಡಲಿ. ಇನ್ನೊಬ್ಬನು ಕೆಳತುದಿಯ ಸೊನ್ನೆಯ ಗುರುತಿನ ಬಳಿ ಹೆಬ್ಬೆರಳು ತೋರುಬೆರಳುಗಳನ್ನು ತೆರೆದು ಸಿದ್ಧನಾಗಿರಲಿ. ಮೊದಲನೆಯವನು ಮುನ್ಸೂಚನೆಯಿಲ್ಲದೆ ಪಟ್ಟಿಯನ್ನು ಬಿಟ್ಟೊಡನೆ ಎರಡನೆಯವನು ಹಿಡಿಯಬೇಕು. ಬೀಳುವ ವಸ್ತು ಕ್ರಮಿಸುವ ದೂರವು ಗುರುತ್ವದ ವೇಗೋತ್ಕರ್ಷವನ್ನು ಕಾಲದ ವರ್ಗದಿಂದ ಗುಣಿಸಿ ಅರ್ಧಿಸಿದಷ್ಟು. ಅದರಂತೆ ಪಟ್ಟಿ 11 ಸೆಂಟಿಮೀಟರು ಜಾರಿದ್ದರೆ ಕಾಲ 0.15 ಸೆಕೆಂಡು, 19.6 ಸೆಂಟಿಮೀಟರು ಜಾರಿದ್ದರೆ 0.20 ಸೆಕೆಂಡು, 30 ಸೆಂಟಿಮೀಟರಿನ ಪಟ್ಟಿ ಪೂರ್ತಿ ಜಾರಿ ನೆಲಕ್ಕೆ ಬಿದ್ದರೆ ಕಾಲು ಸೆಕೆಂಡಿನಷ್ಟು ಕಾಲ ಮೀರಿತೆಂದು ಅರ್ಥ. ಒಬ್ಬನೇ ವಿದ್ಯಾರ್ಥಿಯ ಹತ್ತು ಪ್ರಯತ್ನಗಳು ಹತ್ತು ಬಗೆಯಾಗಿ ಬರುವುದನ್ನೂ, ಸರಾಸರಿಯ ಅಗತ್ಯವನ್ನೂ ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ.

ಇನ್ನೊಂದು ಪ್ರಯೋಗವನ್ನು ಶಾಲೆಯ ಅಂಗಳದಲ್ಲಿ ಮಾಡಬಹುದು. ಮೂವತ್ತು ಮಕ್ಕಳು ವೃತ್ತಾಕಾರವಾಗಿ ಕೈಕೈ ಹಿಡಿದು ಕಣ್ಣು ಮುಚ್ಚಿ ನಿಲ್ಲಲಿ. ಮೊದಲನೆಯ ಮಗು ಪಕ್ಕದವನ ಕೈಯನ್ನು ಮೆಲ್ಲನೆ ಒತ್ತಲಿ. ಒತ್ತಿಸಿಕೊಂಡವನು ತನ್ನ ಪಕ್ಕದವನ ಕೈಯನ್ನೊತ್ತಲಿ. ಒತ್ತು ಸುತ್ತಿ ಬರಲು ಹಿಡಿದ ಕಾಲವನ್ನು ಮೂವತ್ತರಿಂದ ಭಾಗಿಸಿದರೆ ಒಬ್ಬೊಬ್ಬರ ಪಾಲು ತಿಳಿಯುತ್ತದೆ. ಪ್ರತಿಯೊಬ್ಬನೂ ತಾನು ತಡಮಾಡಲಿಲ್ಲವೆಂದೇ ಹೇಳುತ್ತಾನೆ, ಹಾಗೆ ಹೇಳುವುದು ನಿಜವೂ ಹೌದು; ಆದರೂ ಒಟ್ಟಿನಲ್ಲಿ ಹಲವು ಸೆಕೆಂಡುಗಳು ಸಂದಿರುತ್ತವೆ. ಸರಪಳಿಯ ತಡವೆಂದರೇನೆಂಬುದನ್ನು ಇದಕ್ಕಿಂತ ಸರಳವಾಗಿ ಬೋಧಿಸುವ ವಿಧಾನ ದುರ್ಲಭ.

ದೇಹದ ಈ ವಿಳಂಬವನ್ನು ಮನುಷ್ಯನು ಅಭ್ಯಾಸದಿಂದ ಗೆಲ್ಲುತ್ತಾನೆ. ಅರಸೀಕೆರೆ ತಾಲ್ಲೂಕಿನ ಜಾವಗಲ್ಲು ತನ್ನ ಹೆಸರನ್ನು ಭಾರತದ ವೇಗದ ಬೌಲರ್ ಜಾವಗಲ್ ಶ್ರೀನಾಥರ ಮೂಲಕ ಕ್ರಿಕೆಟ್ ಲೋಕಕ್ಕೆಲ್ಲ ಪರಿಚಯಿಸಿತು. ಗಂಟೆಗೆ 140 ಕಿಲೋಮೀಟರು ವೇಗದಲ್ಲಿ ಎಸೆದ ಚೆಂಡು ದಾಂಡಿಗನನ್ನು ತಲಪಲು ಸುಮಾರು 0.45 ಸೆಕೆಂಡು ಸಾಕು. ಅದರಲ್ಲಿ 0.2 ಸೆಕೆಂಡನ್ನು ಕಣ್ಣು ಮತ್ತು ನರಗಳೇ ನುಂಗುತ್ತವೆ. ಉಳಿದುದರಲ್ಲಿ ದಾಂಡನ್ನು ಬೀಸಬೇಕು. ನುರಿತ ದಾಂಡಿಗನು ಚೆಂಡು ಕೈಬಿಡುವ ಮೊದಲೇ ಬೌಲರನ ಓಟ, ಭುಜ, ಮಣಿಕಟ್ಟುಗಳನ್ನು ಓದಿ ಚೆಂಡು ಎಲ್ಲಿ ಬೀಳುವುದೆಂದು ಊಹಿಸುವುದರಿಂದಲೇ ಆಡಬಲ್ಲನು. ಇದೇ ಆಟವನ್ನು ಪರದೆಯ ಮುಂದೆ ಆಡುವಾಗ ಯಂತ್ರವು ತನ್ನ ಪಾಲಿಗೆ ಇನ್ನೊಂದು 0.1 ಸೆಕೆಂಡನ್ನು ಕಸಿದುಕೊಂಡರೆ ಆಟಗಾರನಿಗೆ ಉಳಿಯುವುದು 0.15 ಸೆಕೆಂಡು ಮಾತ್ರ. ಯಂತ್ರದ ಆಟಗಳಲ್ಲಿ ಚೆಂಡನ್ನು ನಿಜಕ್ಕಿಂತ ನಿಧಾನವಾಗಿ ಚಲಿಸುವಂತೆ ಮಾಡಿ, ಹೊಡೆತದ ಕಾಲವನ್ನು ಉದಾರವಾಗಿ ಲೆಕ್ಕ ಹಿಡಿಯುವುದು ಈ ಕಾರಣದಿಂದಲೇ.

5. ತಡವನ್ನು ಸಹಿಸಬಹುದಾದಲ್ಲಿ ಮತ್ತು ಸಹಿಸಲಾಗದಲ್ಲಿ

ಎಷ್ಟು ತಡ ಸಹ್ಯ ಎಂಬುದು ಕಾರ್ಯವನ್ನು ಅವಲಂಬಿಸಿದೆ. ಚದುರಂಗದ ಕಾಯಿಯನ್ನು ಸರಿಸಲು ಅರ್ಧ ಸೆಕೆಂಡು ತಡವಾದರೂ ಬಾಧಕವಿಲ್ಲ. ಕಣ್ಣಿಗೆ ಕಟ್ಟಿಕೊಂಡು ನೋಡುವ ಕಲ್ಪಿತದೃಶ್ಯದ ಉಪಕರಣಗಳಲ್ಲಿ ತಲೆ ತಿರುಗಿಸಿದುದಕ್ಕೂ ದೃಶ್ಯ ತಿರುಗಿದುದಕ್ಕೂ ನಡುವೆ 20 ಮಿಲಿಸೆಕೆಂಡಿಗಿಂತ ಹೆಚ್ಚು ಅಂತರವಿರಬಾರದೆಂದು ತಂತ್ರಜ್ಞರು ಹೇಳುತ್ತಾರೆ. ಮೀರಿದರೆ ಘಟ್ಟದ ತಿರುವುಗಳಲ್ಲಿ ಬಸ್ಸಿನೊಳಗೆ ಕುಳಿತವರಿಗಾಗುವಂತೆ ಹೊಟ್ಟೆ ತೊಳಸುತ್ತದೆ.

ಸಂಗೀತದಲ್ಲಿ ಇದರ ಪರೀಕ್ಷೆ ಇನ್ನೂ ಕಠಿಣ. 2020ರಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ಸಂಗೀತ ಪಾಠಗಳು ಅಂತರಜಾಲಕ್ಕೆ ಏರಿದಾಗ ಗುರುವೂ ಶಿಷ್ಯನೂ ಒಟ್ಟಿಗೆ ಹಾಡಲಾಗದೆಂಬುದು ಎಲ್ಲರ ಅನುಭವಕ್ಕೆ ಬಂದಿತು. ಗುರುವಿನ ತಾಳ ಶಿಷ್ಯನಿಗೆ ತಡವಾಗಿ ಕೇಳುತ್ತದೆ; ಅದಕ್ಕೆ ಸರಿಯಾಗಿ ಹಾಡಿದ ಶಿಷ್ಯನ ದನಿ ಗುರುವಿಗೆ ಮತ್ತೂ ತಡವಾಗಿ ಕೇಳುತ್ತದೆ; ತಾಳ ತಪ್ಪಿದನೆಂದು ತೋರುತ್ತದೆ. ಹೊರದೇಶಗಳಲ್ಲಿರುವ ಕನ್ನಡದ ಮಕ್ಕಳಿಗೆ ದೂರದಿಂದ ಪಾಠ ಹೇಳುವ ಗುರುಗಳು ಇದಕ್ಕೆ ಸರಳ ಪರಿಹಾರವನ್ನು ಕಂಡುಕೊಂಡಿದ್ದಾರೆ: ಒಂದು ಸಾಲನ್ನು ಗುರು ಹಾಡಿ ನಿಲ್ಲಿಸುವುದು, ಆಮೇಲೆ ಶಿಷ್ಯ ಹಾಡುವುದು. ತಡವನ್ನು ನಿವಾರಿಸಲಾಗದೆಡೆಯಲ್ಲಿ ಕ್ರಮವನ್ನೇ ಬದಲಿಸಿಕೊಳ್ಳುವುದೂ ಒಂದು ಜಾಣ್ಮೆ.

ಪ್ರಾಣವೇ ಪಣವಾದ ಸಂದರ್ಭವೂ ಉಂಟು. 2001ರ ಸೆಪ್ಟೆಂಬರ್ 7ರಂದು ಶಸ್ತ್ರವೈದ್ಯ ಝಾಕ್ ಮಾರೆಸ್ಕೋ ನ್ಯೂಯಾರ್ಕಿನಲ್ಲಿ ಕುಳಿತು, ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಮಲಗಿದ್ದ ರೋಗಿಯ ಪಿತ್ತಕೋಶವನ್ನು ಯಂತ್ರದ ಕೈಗಳ ಮೂಲಕ ತೆಗೆದುಹಾಕಿದರು. ಅವರ ಕೈಯ ಚಲನೆಗೂ ಅದರ ಚಿತ್ರವು ಅವರ ಕಣ್ಣಿಗೆ ಮರಳುವುದಕ್ಕೂ ನಡುವಣ ತಡ ಸುಮಾರು 155 ಮಿಲಿಸೆಕೆಂಡು. ಆಟದ ಯಂತ್ರದ ತಡಕ್ಕೆ ಸಮೀಪದ ಈ ಕಾಲದೊಳಗೆ ಕತ್ತರಿಯ ತುದಿ ಎಲ್ಲಿರುವುದೆಂಬುದೇ ಅಲ್ಲಿ ಜೀವನ್ಮರಣದ ಪ್ರಶ್ನೆಯಾಗಿತ್ತು. ತಡವು ಅಲ್ಪವೂ ಸ್ಥಿರವೂ ಆಗಿರುವಂತೆ ನೋಡಿಕೊಂಡುದರಿಂದ ಕಾರ್ಯ ಸಫಲವಾಯಿತು. ತಡವು ಎಷ್ಟೆಂಬುದಕ್ಕಿಂತಲೂ ಅದು ಏರಿಳಿಯದೆ ಒಂದೇ ಸಮನಾಗಿರುವುದು ಮುಖ್ಯ. ಸ್ಥಿರವಾದ ತಡಕ್ಕೆ ಕೈ ಒಗ್ಗಿಕೊಳ್ಳುತ್ತದೆ, ಕ್ಷಣಕ್ಕೊಂದು ಬಗೆಯಾದುದಕ್ಕೆ ಒಗ್ಗಿಕೊಳ್ಳಲಾರದು.

6. ಹಾಸನದಿಂದ ಅಂತರಿಕ್ಷಕ್ಕೆ

ದೂರದಿಂದ ಚಲನೆಯನ್ನು ನಿಯಂತ್ರಿಸುವ ಶಾಸ್ತ್ರಕ್ಕೆ ಹಾಸನ ಜಿಲ್ಲೆಯಲ್ಲಿಯೇ ಒಂದು ಮಹತ್ತರ ನಿದರ್ಶನವಿದೆ. ಹಾಸನದಲ್ಲಿರುವ ಭಾರತೀಯ ಬಾಹ್ಯಾಕಾಶ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರವು 1982ರಲ್ಲಿ ಸ್ಥಾಪಿತವಾಯಿತು. ಅದೇ ವರ್ಷ ಏಪ್ರಿಲ್ ತಿಂಗಳಲ್ಲಿ ಹಾರಿದ ಇನ್ಸಾಟ್-1ಎ ಉಪಗ್ರಹವು ಸೆಪ್ಟೆಂಬರಿನಲ್ಲಿ ಕೈತಪ್ಪಿಹೋಯಿತು. ಆ ಪೆಟ್ಟಿನಿಂದ ಎದೆಗುಂದದೆ 1983ರ ಆಗಸ್ಟ್ 30ರಂದು ಹಾರಿಬಿಟ್ಟ ಇನ್ಸಾಟ್-1ಬಿ ಯಶಸ್ವಿಯಾಗಿ, ದೂರದರ್ಶನವನ್ನೂ ಹವಾಮಾನದ ಚಿತ್ರಗಳನ್ನೂ ದೇಶದ ಮೂಲೆಮೂಲೆಗೆ ತಲಪಿಸಿತು.

ಭೂಸ್ಥಿರ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿವೆ. ರೇಡಿಯೊ ತರಂಗವು ಸೆಕೆಂಡಿಗೆ 3,00,000 ಕಿಲೋಮೀಟರು ವೇಗದಲ್ಲಿ ಸಾಗಿದರೂ ಹಾಸನದಿಂದ ಹೊರಟ ಆಜ್ಞೆ ಉಪಗ್ರಹವನ್ನು ಮುಟ್ಟಲು 0.12 ಸೆಕೆಂಡು, ಅದರ ಉತ್ತರ ಮರಳಲು ಮತ್ತೆ ಅಷ್ಟೇ ಕಾಲ ಬೇಕು. ಯಾವ ಗಣಕಯಂತ್ರವೂ ಈ 0.24 ಸೆಕೆಂಡನ್ನು ಕಡಿಮೆ ಮಾಡಲಾರದು. ಅದು ಪ್ರಕೃತಿ ವಿಧಿಸಿದ ಸುಂಕ. ಆದುದರಿಂದ ಉಪಗ್ರಹವು ಭೂಮಿಯತ್ತ ಮುಖಮಾಡಿ ನಿಲ್ಲುವಂತೆ ಕ್ಷಣಕ್ಷಣವೂ ತಿದ್ದಿಕೊಳ್ಳುವ ಕೆಲಸವನ್ನು ಉಪಗ್ರಹದೊಳಗಿನ ಸಂವೇದಕಗಳಿಗೂ ತಿರುಗುಚಕ್ರಗಳಿಗೂ ಒಪ್ಪಿಸಲಾಗಿದೆ. ಕಕ್ಷೆಯನ್ನು ತಿದ್ದುವುದೇ ಮೊದಲಾದ ಸಾವಧಾನದ ನಿರ್ಣಯಗಳು ಹಾಸನದಲ್ಲಿ ಆಗುತ್ತವೆ.

ಮನುಷ್ಯದೇಹದ ರಚನೆಯೂ ಹೀಗೆಯೇ ಇದೆ. ಕಾದ ಪಾತ್ರೆಗೆ ತಾಗಿದ ಕೈ ಮೆದುಳಿನ ಅಪ್ಪಣೆಗೆ ಕಾಯದೆ, ಬೆನ್ನುಹುರಿಯ ಆಣತಿಯಿಂದಲೇ ಹಿಂದೆ ಸರಿಯುತ್ತದೆ. ಸುಟ್ಟಿತೆಂಬ ಅರಿವು ಆಮೇಲೆ ಮೂಡುತ್ತದೆ. ಬೇಗ ಆಗಬೇಕಾದ ತೀರ್ಮಾನವನ್ನು ಕಾರ್ಯಸ್ಥಳದ ಸಮೀಪದಲ್ಲಿಯೇ ಇಡಬೇಕು, ಆಲೋಚಿಸಿ ಆಗಬೇಕಾದುದನ್ನು ಕೇಂದ್ರಕ್ಕೆ ಬಿಡಬೇಕು ಎಂಬುದು ನಿಸರ್ಗವೂ ತಂತ್ರಜ್ಞರೂ ಸಮಾನವಾಗಿ ಅನುಸರಿಸಿದ ಸೂತ್ರ.

ದೂರ ಹೆಚ್ಚಿದಂತೆ ಈ ಸೂತ್ರದ ಮಹತ್ವವೂ ಹೆಚ್ಚುತ್ತದೆ. ಚಂದ್ರನಿಗೆ ಸಂದೇಶ ಹೋಗಿ ಬರಲು ಸುಮಾರು 2.6 ಸೆಕೆಂಡು ಹಿಡಿಯುತ್ತದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ನೌಕೆ ಇಳಿಯತೊಡಗಿದಾಗ ಅದರ ವೇಗ ಸೆಕೆಂಡಿಗೆ ಸುಮಾರು 1.68 ಕಿಲೋಮೀಟರು, ಬೆಂಗಳೂರಿನಿಂದ ಪ್ರತಿ ಹೆಜ್ಜೆಗೂ ಆಜ್ಞೆ ನೀಡುವುದಾಗಿದ್ದರೆ ಒಂದು ಪ್ರಶ್ನೋತ್ತರ ಮುಗಿಯುವುದರೊಳಗೆ ನೌಕೆ ನಾಲ್ಕು ಕಿಲೋಮೀಟರು ದಾಟಿರುತ್ತಿತ್ತು. ಹಾಗಾಗಿ ಇಳಿಯುವ ನಿರ್ಣಯಗಳನ್ನೆಲ್ಲ ನೌಕೆಯೇ ಕೈಗೊಂಡಿತು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನವು ಮಂಗಳನ ಕಕ್ಷೆಯನ್ನು ಸೇರಿದಾಗ ಸಂದೇಶವೊಂದು ಒಂದು ದಿಕ್ಕಿನಲ್ಲಿ ಸಾಗಲು 12 ನಿಮಿಷಗಳಿಗೂ ಹೆಚ್ಚು ಕಾಲ ಬೇಕಾಗಿತ್ತು. ಆಜ್ಞೆಗಳನ್ನು ಮುಂಚಿತವಾಗಿಯೇ ನೌಕೆಗೆ ಕಳುಹಿಸಿಡಲಾಗಿತ್ತು. ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿರುವ 32 ಮೀಟರು ವ್ಯಾಸದ ಆಂಟೆನಾದಂತಹ ಕಿವಿಗಳು ಕಾಯುತ್ತಿದ್ದುದು, ಆಗಲೇ ನಡೆದುಹೋದ ಸಂಗತಿಯ ವಾರ್ತೆಗಾಗಿ. ಚಪ್ಪಾಳೆ ಕೇಳಿಬಂದಾಗ ಮಂಗಳನಲ್ಲಿ ಆ ಕಾರ್ಯ ಮುಗಿದು ಬಹಳ ಹೊತ್ತಾಗಿತ್ತು.

7. ಅಪರಾಧ ಯಾರದು?

ತಡವನ್ನು ಅಳೆಯದೆ ಹೋದರೆ ಆಗುವ ಅನ್ಯಾಯಕ್ಕೆ ಖಗೋಳಶಾಸ್ತ್ರದ ಚರಿತ್ರೆಯಲ್ಲಿ ಒಂದು ಕರುಣಾಜನಕ ದೃಷ್ಟಾಂತವಿದೆ. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ ನೆವಿಲ್ ಮ್ಯಾಸ್ಕೆಲಿನ್ ರಾಜಖಗೋಳಜ್ಞನಾಗಿದ್ದಾಗ ಡೇವಿಡ್ ಕಿನ್ನೆಬ್ರೂಕ್ ಅವನ ಸಹಾಯಕನಾಗಿದ್ದ. ನಕ್ಷತ್ರವು ದೂರದರ್ಶಕದ ತಂತಿಯನ್ನು ದಾಟುವ ಗಳಿಗೆಯನ್ನು ಗಡಿಯಾರದ ಟಿಕ್ ಟಿಕ್ ಸದ್ದಿಗೆ ಕಿವಿಗೊಟ್ಟು ದಾಖಲಿಸುವುದು ಅವನ ಕೆಲಸ. ಅವನ ಬರಹಗಳು ಒಡೆಯನ ಬರಹಗಳಿಗಿಂತ ಮೊದಮೊದಲು ಅರ್ಧ ಸೆಕೆಂಡು, ಕ್ರಮೇಣ 0.8 ಸೆಕೆಂಡು ಹಿಂದೆ ಬೀಳುತ್ತಿದ್ದವು. ಎಚ್ಚರಿಸಿದರೂ ಸರಿಹೋಗಲಿಲ್ಲವೆಂದು 1796ರಲ್ಲಿ ಅವನನ್ನು ಕೆಲಸದಿಂದ ತೆಗೆದುಹಾಕಲಾಯಿತು.

ಈ ವೃತ್ತಾಂತವನ್ನು ಕೆಲವು ವರ್ಷಗಳ ನಂತರ ಓದಿದ ಜರ್ಮನಿಯ ಖಗೋಳಜ್ಞ ಬೆಸೆಲ್ ತನ್ನ ವೀಕ್ಷಣೆಗಳನ್ನು ಇತರ ನುರಿತ ಖಗೋಳಜ್ಞರ ವೀಕ್ಷಣೆಗಳೊಡನೆ ಹೋಲಿಸಿ ನೋಡಿದ. ಯಾರೊಬ್ಬರ ಅಂಕಿಗಳೂ ಇನ್ನೊಬ್ಬರದಕ್ಕೆ ಹೊಂದಲಿಲ್ಲ. ಕಣ್ಣು ಕಂಡುದನ್ನೂ ಕಿವಿ ಕೇಳಿದುದನ್ನೂ ಮನಸ್ಸು ಕೂಡಿಸಿಕೊಳ್ಳುವ ಕಾಲ ಒಬ್ಬೊಬ್ಬರಲ್ಲಿ ಒಂದೊಂದು ಬಗೆಯೆಂದು ಅದರಿಂದ ಸಿದ್ಧವಾಯಿತು. 'ವೈಯಕ್ತಿಕ ಸಮೀಕರಣ' ಎಂಬ ಹೆಸರಿನಲ್ಲಿ ಅದನ್ನು ಲೆಕ್ಕಕ್ಕೆ ಸೇರಿಸಿ ತಿದ್ದುವ ಪದ್ಧತಿ ಬಂದಿತು. ಕಿನ್ನೆಬ್ರೂಕನದು ಅಲಕ್ಷ್ಯವಾಗಿರಲಿಲ್ಲ, ಒಡೆಯನ ಅಂಕಿಯೇ ಸರಿಯೆಂದು ಹಿಡಿದುದರಲ್ಲಿ ದೋಷವಿತ್ತು. ಆ ತಿಳಿವು ಬಂದುದು ಅವನು ಕೆಲಸ ಕಳೆದುಕೊಂಡ ಮೇಲೆ.

8. ತರಗತಿಯೊಳಗಣ ಮೂರು ಸೆಕೆಂಡು

ಈ ದೃಷ್ಟಾಂತವು ಅಧ್ಯಾಪಕವರ್ಗಕ್ಕೆ ನೇರವಾಗಿ ಅನ್ವಯಿಸುತ್ತದೆ. ಉಪಾಧ್ಯಾಯನು ಪ್ರಶ್ನೆ ಕೇಳಿ ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯುತ್ತಾನೆ? ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಮಾತುಕತೆಯನ್ನು ಧ್ವನಿಮುದ್ರಿಸಿ ಇದನ್ನು ಅಳೆದರು. ಕಾಯುವ ಕಾಲ ಸರಾಸರಿ ಸುಮಾರು ಒಂದು ಸೆಕೆಂಡು ಮಾತ್ರವೆಂದು ತಿಳಿದುಬಂದಿತು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ದೀರ್ಘವಾದವು, ಕಾರಣಗಳನ್ನು ಕೊಟ್ಟು ಮಾತನಾಡುವುದು ಹೆಚ್ಚಿತು, ಅದುವರೆಗೆ ಬಾಯಿ ಬಿಡದವರೂ ಮಾತನಾಡತೊಡಗಿದರು.

ಪ್ರಶ್ನೆಯನ್ನು ಕೇಳಿದ ಮಗು ಮೊದಲು ಮಾತನ್ನು ಗ್ರಹಿಸಬೇಕು, ಅದರ ಅರ್ಥವನ್ನು ಬಿಡಿಸಿಕೊಳ್ಳಬೇಕು, ತಿಳಿದುದನ್ನು ನೆನಪಿನಿಂದ ಹೆಕ್ಕಬೇಕು, ಆಮೇಲೆ ವಾಕ್ಯವನ್ನು ಕಟ್ಟಬೇಕು. ಇಲ್ಲಿಯೂ ನಾಲ್ಕು ಘಟ್ಟಗಳ ಸರಪಳಿಯೇ ಇದೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆಯಾದ ಮಗುವಿಗೆ ಮತ್ತೊಂದು ಘಟ್ಟ ಹೆಚ್ಚಾಗಿ ಸೇರುತ್ತದೆ. ಕಾಫಿ ಸೀಮೆಯ ತೋಟಗಳ ಸಾಲುಮನೆಗಳಿಂದ ಬರುವ ಮಕ್ಕಳಲ್ಲಿ ಇಂಥವರು ಅಪರೂಪವಲ್ಲ. ಒಂದು ಸೆಕೆಂಡಿನೊಳಗೆ ಉತ್ತರ ಬಾರದ ಮಾತ್ರಕ್ಕೆ ಆ ಮಗುವನ್ನು ಮಂದಬುದ್ಧಿಯೆಂದು ಪಟ್ಟಿಗೆ ಸೇರಿಸುವುದು ಕಿನ್ನೆಬ್ರೂಕನಿಗೆ ಆದ ಅನ್ಯಾಯವನ್ನೇ ಪುನರಾವರ್ತಿಸಿದಂತೆ. ಕಾಯದ ಉಪಾಧ್ಯಾಯನಿಗೆ ತೊನೆಯುವ ಮುಳ್ಳಿನ ತೂಕವಷ್ಟೇ ದೊರೆಯುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ವ್ಯಕ್ತವಾಗುತ್ತವೆ. ಗ್ರಹಣ, ಸಂಸ್ಕರಣ, ಪ್ರತಿಕ್ರಿಯೆಗಳೆಂಬ ಘಟ್ಟಗಳಿರುವ ತನಕ ವಿಳಂಬ ಇದ್ದೇ ಇರುತ್ತದೆ. ಅದನ್ನು ಕುಗ್ಗಿಸಬಹುದೇ ಹೊರತು ಇಲ್ಲವಾಗಿಸಲು ಬಾರದು. ಎರಡನೆಯದಾಗಿ, ತಡವನ್ನು ಘಟ್ಟಘಟ್ಟವಾಗಿ ಬಿಡಿಸಿ ಅಳೆದರೆ ಮಾತ್ರ ಎಲ್ಲಿ ತಿದ್ದಬೇಕೆಂಬುದು ತಿಳಿಯುತ್ತದೆ; ಒಟ್ಟಾಗಿ ನೋಡಿದಾಗ ಅಪರಾಧವು ಸರಪಳಿಯ ಕೊನೆಯಲ್ಲಿ ನಿಂತವನ ತಲೆಗೇ ಕಟ್ಟುತ್ತದೆ. ಮೂರನೆಯದಾಗಿ, ಕುಗ್ಗಿಸಲಾಗದ ತಡದೊಡನೆ ಬಾಳಲು ಮುನ್ನೂಹೆ, ಕಾರ್ಯವಿಭಜನೆ, ಸಹನೆ ಎಂಬ ಉಪಾಯಗಳಿವೆ. ಮೊದಲನೆಯದನ್ನು ಆಟಗಾರನೂ, ಎರಡನೆಯದನ್ನು ಹಾಸನದ ತಂತ್ರಜ್ಞರೂ ಬಳಸುತ್ತಾರೆ. ಮೂರನೆಯದು ಉಪಾಧ್ಯಾಯನ ಪಾಲಿನದು.

ಅಡಿಪಟ್ಟಿಯ ಪ್ರಯೋಗವನ್ನೂ ಕೈಕೈ ಹಿಡಿದ ವೃತ್ತದ ಪ್ರಯೋಗವನ್ನೂ ಪ್ರೌಢಶಾಲೆಯ ವಿಜ್ಞಾನದ ಉಪಾಧ್ಯಾಯರು ಒಂದೇ ಅವಧಿಯಲ್ಲಿ ಮಾಡಿಸಬಹುದು. ಅದಾದ ಬಳಿಕ ಸಮೀಪದ ಹಾಸನ ಕೇಂದ್ರದ ಕಾರ್ಯವನ್ನು ವಿವರಿಸಿದರೆ ತಮ್ಮ ಅಂಗಳದ ಆಟಕ್ಕೂ ಅಂತರಿಕ್ಷದ ನೌಕೆಗೂ ಒಂದೇ ನಿಯಮವೆಂಬುದು ಮಕ್ಕಳಿಗೆ ಮನದಟ್ಟಾಗುತ್ತದೆ. ಪಾಠದ ಕೊನೆಯಲ್ಲಿ ಪ್ರಶ್ನೆಗಳನ್ನು ಕೇಳುವಾಗ, ಉಪಾಧ್ಯಾಯರು ಮನಸ್ಸಿನಲ್ಲಿಯೇ ಮೂರರವರೆಗೆ ಎಣಿಸುವುದನ್ನು ಮರೆಯದಿದ್ದರೆ ಪಾಠವು ಸಾರ್ಥಕವಾದಂತೆ.